ಹಿತ್ತಲ ಗಾಳಿಯ ತೂಕ

ಘೋಡಗೇರಿಯ ನೇಮಣ್ಣನ ಮನೆಯಲ್ಲಿ ಆ ವರ್ಷ ಬೆಳಗಿನ ಹತ್ತೂವರೆಯ ತನಕ ಯಾರೂ ಬಾಯಿಗೆ ಒಂದು ತುತ್ತು ಹಾಕುವಂತಿರಲಿಲ್ಲ. ಊರ ಬಸದಿಯಲ್ಲಿ ದಿಗಂಬರ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಮುನಿಗಳು ದಿನಕ್ಕೆ ಒಂದೇ ಹೊತ್ತು, ಒಂದೇ ಮನೆಯಲ್ಲಿ, ನಿಂತುಕೊಂಡೇ ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುವವರು. ಅದು ಯಾವ ಮನೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ತೆಂಗಿನಕಾಯಿ ಹಿಡಿದ ಹೆಂಗಸು ಇರಬಹುದು, ಜೋಡಿಯಾಗಿ ನಿಂತ ಅಣ್ಣತಮ್ಮಂದಿರು ಇರಬಹುದು. ಆ ಗುರುತು ಕಂಡ ಬಾಗಿಲಲ್ಲಿ ನಿಲ್ಲುತ್ತಾರೆ, ಕಾಣದಿದ್ದರೆ ಅವತ್ತು ಉಪವಾಸ. ಹಾಗಾಗಿ ಊರಿನ ಹನ್ನೆರಡು ಜೈನ ಮನೆಗಳಲ್ಲಿ ದಿನಾ ಬೆಳಿಗ್ಗೆ ಶುದ್ಧದ ಅಡಿಗೆಯಾಗುತ್ತಿತ್ತು, ಹನ್ನೆರಡು ಬಾಗಿಲಲ್ಲೂ ಜನ ಕಲಶ ಹಿಡಿದು ಕಾಯುತ್ತಿದ್ದರು, ಹನ್ನೊಂದು ಬಾಗಿಲಿನವರು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಿದ್ದರು.

ನೇಮಣ್ಣನ ತಾಯಿ ಜಿನ್ನವ್ವ ಈ ಮನೆಗೆ ಸೊಸೆಯಾಗಿ ಬಂದು ಐವತ್ಮೂರು ವರ್ಷ. ಅಷ್ಟರಲ್ಲಿ ಊರಿಗೆ ಮುನಿಗಳು ಬಂದದ್ದು ಐದು ಸಲ, ಈ ಬಾಗಿಲಲ್ಲಿ ನಿಂತದ್ದು ಒಂದು ಸಲವೂ ಇಲ್ಲ. ಎಪ್ಪತ್ತೊಂದರ ಮುದುಕಿ ಈಗ ಪಣ ತೊಟ್ಟವಳಂತೆ ನಸುಕಿನಲ್ಲೇ ಎದ್ದು, ತಣ್ಣೀರು ಸುರಿದುಕೊಂಡು, ಹಿತ್ತಲಿನ ಅಡಿಗೆಕೋಣೆಯಲ್ಲಿ ಒಲೆ ಹಚ್ಚುತ್ತಿದ್ದಳು. ಮುನಿಗಳ ಅಡಿಗೆ ಗ್ಯಾಸಿನ ಮೇಲೆ ಮಾಡಿದರೆ ಆಕೆಗೆ ನಡೆಯದು. ಕಟ್ಟಿಗೆಯಾದರೂ ಎಂಥದು? ಒಂದೊಂದನ್ನೂ ತಿರುಗಿಸಿ ನೋಡಿ, ತೊಗಟೆ ಕೆತ್ತಿ, ಹುಳವಿಲ್ಲ ಎಂದು ಖಾತ್ರಿಯಾದ ಮೇಲೇ ಒಲೆಗೆ ಹೋಗಬೇಕು. ಅಂಥ ಒಣ ಕಟ್ಟಿಗೆ ಉರಿದರೆ ಹೊಗೆ ಕಣ್ಣಿಗೂ ಬೀಳುತ್ತಿರಲಿಲ್ಲ. ಸೋಸಿದ ನೀರು ಕುದಿಯಬೇಕು, ಹಾಲು ಕಾಯಬೇಕು, ಜೋಳದ ರೊಟ್ಟಿ, ಬೇಳೆ, ಅನ್ನ ಆಗಬೇಕು. ಸೊಸೆ ತ್ರಿಶಲಾ ಹಸಿದ ಹೊಟ್ಟೆಯಲ್ಲಿ ಬೇಯಿಸುವಳು, ನೇಮಣ್ಣ ಹಸಿದ ಹೊಟ್ಟೆಯಲ್ಲಿ ಗೊಣಗುವನು.

"ಅವ್ವಾ, ಕಬ್ಬಿಗೆ ನೀರ ಹಾಯಸಾಕ ಹೋಗಬೇಕು. ಒಂದ ರೊಟ್ಟಿ ಕೊಡ."

"ಸ್ವಾಮಿಗಳ ಆಹಾರ ಆಗೂದ್ರಾಗ ನಿನಗ ರೊಟ್ಟಿ? ನಿನ್ನ ಹೊಟ್ಟಿ ಏನ ಹಾಳಾಗಿ ಹೋಗೂದಿಲ್ಲ."

"ಹೊಟ್ಟಿ ಅಲ್ಲ, ಕಬ್ಬ ಹಾಳಾಗತೈತಿ."

ಇಂಥ ಮನೆಗೆ ಆಗಸ್ಟ್ ತಿಂಗಳ ಒಂದು ಶನಿವಾರ ಮಯೂರಿ ತನ್ನ ಯಂತ್ರವನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಳು. ಮಯೂರಿ ನೇಮಣ್ಣನ ಒಬ್ಬಳೇ ಮಗಳು, ನಿಡಸೋಸಿಯಲ್ಲಿ ಎಂಜಿನಿಯರಿಂಗಿನ ಕೊನೆಯ ವರ್ಷ ಓದುತ್ತಿದ್ದಳು, ದಿನಾ ಬಸ್ಸಿನಲ್ಲಿ ಓಡಾಟ. ಕೊನೆಯ ವರ್ಷದವರು ಏನಾದರೊಂದು ಯಂತ್ರ ಮಾಡಿ ತೋರಿಸಬೇಕಿತ್ತು. ಬೇರೆ ಹುಡುಗರು ಶೇಂಗಾ ಸುಲಿಯುವುದನ್ನೋ ಅರಿಶಿಣ ಕುದಿಸುವುದನ್ನೋ ಹಿಡಿದಿದ್ದರೆ ಇವಳು ಗಾಳಿ ಹಿಡಿಯಲು ಹೊರಟಿದ್ದಳು. ಟೆಂಪೋದಿಂದ ಇಳಿದದ್ದು ಒಂದು ಟೇಬಲ್ ಫ್ಯಾನು, ಗೋಕಾಕದ ರಾಚಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಅಲ್ಯುಮಿನಿಯಂ ತೊಟ್ಟಿ, ಒಂದು ಡಬ್ಬ ಕಾಸ್ಟಿಕ್ ಸೋಡಾ, ಅರ್ಧ ಚೀಲ ಸುಣ್ಣ.

"ಏನಿದು?" ಜಿನ್ನವ್ವ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು.

"ಗಾಳ್ಯಾಗಿನ ಇಂಗಾಲದ ಹವಾ ಹಿಡಿಯೂ ಮಷೀನ, ಆಯಿ."

"ಹಿಡದ ಏನ ಮಾಡ್ತಿ?"

"ಆ ಹವಾ ಜಾಸ್ತಿ ಆದ್ರ ಭೂಮಿ ಕಾಯತೈತಿ. ಮಳಿ ಲೆಕ್ಕ ತಪ್ಪತೈತಿ. ಹೋದ ವರ್ಷ ಹೊಳಿ ಹೆಂಗ ಬಂತು, ನೋಡಿದಿಲ್ಲ? ಅದನ್ನ ಹಿಡದ ಸುಣ್ಣದಾಗ ಕೂಡಿಸಿಬಿಟ್ರ ಮತ್ತ ಗಾಳಿಗೆ ಹೋಗೂದಿಲ್ಲ."

"ಎಲ್ಲಿಂದ ಬರತೈತಿ ಅದು?"

"ಉರಿಯೂದೆಲ್ಲಾ ಬಿಡತೈತಿ. ಫ್ಯಾಕ್ಟರಿ ಚಿಮಣಿ, ಟ್ರ್ಯಾಕ್ಟರು, ಮನಿ ಒಲಿ. ನಾವ್ ಉಸರ ಬಿಟ್ರೂ ಅದನ."

"ಹಂಗಾರ ನಿಮ್ಮ ಆಯಿಗೆ ಸ್ವಲ್ಪ ಮಾತ ಕಮ್ಮಿ ಮಾಡ ಅನ್ನು, ಭೂಮಿ ತಣ್ಣಗಾಗತೈತಿ," ಎಂದ ನೇಮಣ್ಣ.

ಜಿನ್ನವ್ವನಿಗೆ ನಗು ಬರಲಿಲ್ಲ. ಗಾಳಿಯಲ್ಲೂ ಜೀವವಿದೆ, ವಾಯುಕಾಯದ ಜೀವ. ಅದನ್ನು ಫ್ಯಾನಿನಿಂದ ಎಳೆದು ಸೋಡಾ ನೀರಿಗೆ ನೂಕುವುದೆಂದರೆ ಏನು? ಜೊತೆಗೆ ನುಸಿ, ನೊಣ, ಪತಂಗ ಬೇರೆ ಬಂದು ಬೀಳುತ್ತವೆ. ಚಾತುರ್ಮಾಸದಲ್ಲಿ, ಅದೂ ಮುನಿಗಳ ಅಡಿಗೆಕೋಣೆಯ ಬಗಲಿಗೆ!

"ನೀ ದಿನಾ ಫ್ಯಾನಿನ ಕೆಳಗ ಮಲಗ್ತಿಯಲ್ಲ ಆಯಿ, ಆವಾಗ ಜೀವ ಇರೂದಿಲ್ಲೇನ?"

"ಚಾತುರ್ಮಾಸದಾಗ ಮಲಗೂದಿಲ್ಲ. ನಿಮ್ಮವ್ವನ್ನ ಕೇಳು."

ತ್ರಿಶಲಾ ಯಾರ ಕಡೆಯೂ ಆಗದೆ ಬಟ್ಟೆ ಹಿಂಡುತ್ತಿದ್ದಳು. ಎರಡು ದಿನ ಮಾತುಕತೆ ನಡೆದು ಕೊನೆಗೆ ಒಪ್ಪಂದಕ್ಕೆ ಬಂತು. ಫ್ಯಾನಿನ ಬಾಯಿಗೆ ನೀರು ಸೋಸುವ ಬಟ್ಟೆ ಕಟ್ಟಬೇಕು, ಒಂದು ನುಸಿಯೂ ಒಳಗೆ ಹೋಗಬಾರದು. ಹೊತ್ತು ಮುಳುಗಿದ ಮೇಲೆ ಹುಳ ಏಳುತ್ತವೆ, ಆದ್ದರಿಂದ ಯಂತ್ರ ನಡೆಯುವುದು ಹಗಲಿನಲ್ಲಿ ಮಾತ್ರ. ಹಗಲೆಂದರೂ ಊರಿಗೆ ಕರೆಂಟು ಇರುತ್ತಿದ್ದದ್ದು ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ. ನಲ್ಲಿಯೂ ಪ್ಲಗ್ಗೂ ಎರಡೂ ಸಿಗುವ ಜಾಗ ಹಿತ್ತಲಿನ ಕಟ್ಟೆಯೊಂದೇ. ಯಂತ್ರ ಅಲ್ಲಿ, ಅಡಿಗೆಕೋಣೆಯ ಕಿಟಕಿಯ ಕೆಳಗೆ ಕೂತಿತು.

ಮೊದಲ ಯಂತ್ರ ಒಂದೇ ರಾತ್ರಿಗೆ ಸತ್ತಿತು. ಸೋಡಾ ನೀರು ಅಲ್ಯುಮಿನಿಯಂ ತೊಟ್ಟಿಯನ್ನೇ ತಿಂದು, ಬೆಳಗಾಗುವಷ್ಟರಲ್ಲಿ ಕಟ್ಟೆಯ ತುಂಬ ಬೂದುಬಣ್ಣದ ರಾಡಿ ಹರಿದಿತ್ತು. ತೊಳೆದದ್ದು ತ್ರಿಶಲಾ. ಎರಡನೆಯದರಲ್ಲಿ ಪ್ಲಾಸ್ಟಿಕ್ ಬಕೀಟಿನಲ್ಲಿ ಸೋಡಾ ನೀರಿಟ್ಟು ಗಾಳಿಯನ್ನು ಗುಳ್ಳೆ ಮಾಡಿ ಬಿಟ್ಟಳು. ಒಂದು ವಾರ ಗುಳುಗುಳು ಎಂದದ್ದೇ ಬಂತು, ಸುಣ್ಣ ಹಾಕಿ ಸೋಸಿದರೆ ಸಿಕ್ಕದ್ದು ಒಂದು ಚಿಟಿಕೆ ಬಿಳಿ ಪುಡಿ. ಮಯೂರಿ ಮೋರೆ ಊದಿಸಿಕೊಂಡು ಊಟ ಬಿಟ್ಟಳು.

"ಗಾಳಿಗೂ ನೀರಿಗೂ ಭೆಟ್ಟಿ ಆಗವಲ್ದು ಆಯಿ. ಗಾಳಿ ಬರತೈತಿ, ಹಂಗ ಹೋಗತೈತಿ."

ಜಿನ್ನವ್ವ ಹಗ್ಗದ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು. "ಹಸಿ ಅರಿವಿ ತೂಗ ಹಾಕು," ಎಂದಳು. "ಸೀರಿ ಬೇಗ ಆರಬೇಕಂದ್ರ ಮುದ್ದಿ ಮಾಡಿ ಇಡ್ತೇವೇನ? ಹರವತೇವಿ. ಗಾಳಿ ಎಲ್ಲಾ ಕಡೆ ತಾಗತೈತಿ."

ಮಯೂರಿ ಅಜ್ಜಿಯನ್ನೇ ನೋಡುತ್ತ ಕೂತಳು. ಆಮೇಲೆ ಎದ್ದುಹೋಗಿ ಬಡಿಗೇರ ಕೇದಾರಿಯಿಂದ ಸೊಂಟದೆತ್ತರದ ಕಟ್ಟಿಗೆಯ ಚೌಕಟ್ಟು ಮಾಡಿಸಿದಳು. ಜಿನ್ನವ್ವನ ಹಳೆಯ ದಪ್ಪ ಸೀರೆಗಳನ್ನು ಜೋಡು ಮಡಿಸಿ ಹತ್ತು ಪರದೆ ತೂಗುಹಾಕಿದಳು. ದವಾಖಾನೆಯ ಸಲಾಯಿನ್ ನಳಿಗೆಗಳನ್ನು ಮೇಲೆ ಕಟ್ಟಿ ಸೋಡಾ ನೀರು ಹನಿಹನಿಯಾಗಿ ಪರದೆಯ ಮೇಲೆ ಇಳಿಯುವಂತೆ ಮಾಡಿದಳು. ಕೆಳಗೆ ಒಂದು ಪ್ಲಾಸ್ಟಿಕ್ ಬುಟ್ಟಿ, ಪಕ್ಕದಲ್ಲಿ ಫ್ಯಾನು. ಮೊದಲ ದಿನ ಆರು ತಾಸು ನಡೆಸಿ, ನೀರಿಗೆ ಸುಣ್ಣ ಕಲಸಿ, ತಳಕ್ಕೆ ಕೂತ ಬಿಳಿಯದನ್ನು ಸೋಸಿ ಒಣಗಿಸಿ ಶೇಂಗಾ ತೂಗುವ ತಕ್ಕಡಿಯಲ್ಲಿಟ್ಟರೆ ಒಂದೂವರೆ ಕಿಲೋ!

"ಇಷ್ಟೂ ಗಾಳ್ಯಾಗಿಂದ ಬಂತೇನ?" ನೇಮಣ್ಣ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಸುಣ್ಣದ ತೂಕ ಬಿಟ್ಟು ಹವಾದ್ದ ಅಷ್ಟ ಲೆಕ್ಕ ತಗೀಬೇಕು. ಆದ್ರೂ ಅಪ್ಪಾ, ಒಂದೂವರಿ ಕಿಲೋ ಅಂದ್ರ ಬಾಳ ಆತು!"

ಮರುದಿನವೂ ಒಂದೂವರೆ, ಅದರ ಮರುದಿನ ಒಂದು ನೂರು ಗ್ರಾಂ ಹೆಚ್ಚು. ಜಿನ್ನವ್ವನಿಗೆ ಒಳಗೊಳಗೇ ಹಿಗ್ಗು. ಬಸದಿಯಲ್ಲಿ ಕೂತಾಗ, ಯಾರೂ ಕೇಳದಿದ್ದರೂ, "ನಮ್ಮ ಮಯೂರಿ ಮಷೀನಿಗೆ ಅರಿವಿ ಹಾಕಂತ ನಾನ ಹೇಳಿದ್ದು," ಎಂದು ನಾಲ್ಕು ಜನರ ಕಿವಿಗೆ ಹಾಕಿದಳು. ಸೋಸುವುದು, ಒಣಗಿಸುವುದು ಎಲ್ಲ ತಾನಾಗಿ ಆಕೆಯ ಕೈಗೇ ಬಂತು. ನೀರು ಸೋಸಿ ಸೋಸಿ ಪಳಗಿದ ಕೈ, ಒಂದು ಚೂರು ಪುಡಿ ಚೆಲ್ಲುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲುವುದು, ಮುನಿಗಳು ಬೇರೆ ಮನೆಗೆ ಹೋದರೆಂದು ನಿಟ್ಟುಸಿರು ಬಿಡುವುದು, ಊಟ ಮಾಡಿ ಬಂದು ಮೊಮ್ಮಗಳ ಪುಡಿ ತೂಗುವುದು, ಇದು ದಿನಚರಿಯಾಯಿತು.

ಸೆಪ್ಟೆಂಬರಿನ ಒಂದು ಭಾನುವಾರ ಕಾಲೇಜಿನ ಶ್ರೀಶೈಲ ಸರ್ ಮೋಟರ್ ಸೈಕಲ್ ಮೇಲೆ ಬಂದರು. ಮಯೂರಿಯ ಯಂತ್ರದ ಮೇಲ್ವಿಚಾರಣೆ ಅವರದು. ಫ್ಯಾನಿನ ಗಾಳಿ ಅಳೆದರು, ತಾವೇ ತೂಕ ಮಾಡಿದರು, ಪರದೆಗಳನ್ನು ಮುಟ್ಟಿ ಮುಟ್ಟಿ ನೋಡಿದರು.

"ನೇಮಣ್ಣಾರ, ಧಾರವಾಡದಾಗ ಡಿಸೆಂಬರಿಗೆ ರಾಜ್ಯಮಟ್ಟದ ಪ್ರದರ್ಶನ ಐತಿ. ನಮ್ಮಲ್ಲಿಂದ ಮೂರ ಮಷೀನ ಕಳಸ್ತೇವಿ. ಇದು ಹೋಗೂದು ಬಹುತೇಕ ಖರೆ ಅಂತ ತಿಳಕೋರಿ. ಅಲ್ಲಿ ಹೆಸರ ಬಂತಂದ್ರ ಮುಂದ ಎಂ.ಟೆಕ್ ಓದಾಕ ಸ್ಕಾಲರ್‌ಶಿಪ್ ಸಿಗತೈತಿ."

ಸರ್ ಹೋದ ಮೇಲೆ ಮಯೂರಿ ಅಪ್ಪನ ಮುಖ ನೋಡಿದಳು. ಮುಂದೆ ಓದುವ ಮಾತು ಎತ್ತಿದಾಗಲೆಲ್ಲ "ಬಿ.ಇ. ಸಾಕು" ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದವನು ಅವತ್ತು ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಅಂದ:

"ಧಾರವಾಡಕ್ಕ ಹೋದ್ರ ಓದು. ಹೋಗದಿದ್ರ ಕೇಳಬ್ಯಾಡ."

ಆ ರಾತ್ರಿ ಮಯೂರಿ ಅಜ್ಜಿಯ ಕಾಲು ಒತ್ತಿದಳು. ಎಂದೂ ಒತ್ತಿದವಳಲ್ಲ.

ಅಕ್ಟೋಬರಿನ ಮೊದಲ ವಾರ ಕೊಣ್ಣೂರಿನಲ್ಲಿದ್ದ ನೇಮಣ್ಣನ ತಮ್ಮನ ಸೊಸೆ ಹಡೆದಳು. ಗಂಡು ಮಗು, ಸಂತೋಷದ ಸುದ್ದಿ. ಆದರೆ ಬಾಣಂತಿಯ ಸೂತಕ ಇಲ್ಲಿಗೂ ಬಂತು. ಹತ್ತು ದಿನ ಮುನಿಗಳಿಗೆ ಆಹಾರ ಕೊಡುವ ಹಾಗಿಲ್ಲ. ಜಿನ್ನವ್ವ ಒಲೆಯ ಬೂದಿ ತೆಗೆದು, ಅಡಿಗೆಕೋಣೆಯ ಬಾಗಿಲು ಎಳೆದಳು. ನೇಮಣ್ಣನಿಗೆ ಮಾತ್ರ ಒಳಗಿನ ಗ್ಯಾಸಿನ ಮೇಲೆ ಬೆಳಗಿನ ಎಂಟಕ್ಕೇ ರೊಟ್ಟಿ ಸಿಕ್ಕಿ, "ಕೂಸ ಬಾಳ ಪುಣ್ಯವಂತ," ಎಂದ. ಅದೇ ವಾರ ಮಯೂರಿಗೆ ಕಾಲೇಜಿನ ಪರೀಕ್ಷೆ. ಓಡಾಟ ಬೇಡವೆಂದು ನಿಡಸೋಸಿಯಲ್ಲೇ ಗೆಳತಿಯ ಕೋಣೆಯಲ್ಲಿ ಉಳಿದಳು. ಹೋಗುವಾಗ ಹೇಳಿದಳು:

"ಆಯಿ, ಮಷೀನ ಬಂದ್ ಮಾಡಬ್ಯಾಡ. ದಿನಾ ತೂಕ ಮಾಡಿ ಕ್ಯಾಲೆಂಡರದಾಗ ಬರದ ಇಡು."

ಮೊದಲ ದಿನ ಜಿನ್ನವ್ವ ತೂಕ ಮಾಡಿದರೆ ಅರ್ಧ ಕಿಲೋ. ಪುಡಿ ಸರಿಯಾಗಿ ಕೂತಿಲ್ಲವೇನೋ ಎಂದು ಮತ್ತೆ ಸೋಸಿದಳು. ಎರಡನೇ ದಿನ ಸುಣ್ಣ ಬದಲಾಯಿಸಿದಳು. ಮೂರನೇ ದಿನ ಪರದೆಗಳನ್ನೆಲ್ಲ ಬಿಚ್ಚಿ ತೊಳೆದು ಹಾಕಿದಳು. ಅರ್ಧ ಕಿಲೋ, ಮತ್ತೆ ಅರ್ಧ ಕಿಲೋ. ತನ್ನ ಕೈಯಿಂದಲೇ ಏನೋ ಕೆಟ್ಟಿತು ಎಂದು ಮುದುಕಿಗೆ ದಿಗಿಲು. ಸೊಸೆಗೂ ಹೇಳಲಿಲ್ಲ. ಕ್ಯಾಲೆಂಡರಿನಲ್ಲಿ ಏನೂ ಬರೆಯದೆ, ಆ ಪುಡಿಯನ್ನೆಲ್ಲ ತೆಂಗಿನ ಬುಡಕ್ಕೆ ಸುರಿದಳು.

ಹತ್ತನೇ ದಿನ ಸಂಜೆ ಮಯೂರಿ ಬಂದಳು. ಚಪ್ಪಲಿ ಬಿಡುವ ಮೊದಲೇ ಕ್ಯಾಲೆಂಡರ್ ನೋಡಿದಳು.

"ಏನೂ ಬರದಿಲ್ಲಲ್ಲ ಆಯಿ?"

ಜಿನ್ನವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಕರೆಂಟ ಇರಲಿಲ್ಲ," ಎಂದಳು.

"ಹತ್ತೂ ದಿನಾ?"

"ಹತ್ತೂ ದಿನಾ."

ಕರೆಂಟು ಹೋಗುವುದು ಆ ಸೀಮೆಯಲ್ಲಿ ಯಾರಿಗೂ ಆಶ್ಚರ್ಯದ ಮಾತಲ್ಲ. ಮಯೂರಿ ನಂಬಿದಳು. ನೇಮಣ್ಣ ಹೊಲದಲ್ಲಿದ್ದ. ತ್ರಿಶಲಾ ಕೇಳಿಸಿಕೊಂಡು ಅತ್ತೆಯ ಕಡೆ ಒಮ್ಮೆ ನೋಡಿದಳು, ಒಳಗೆ ಹೋದಳು.

ಮರುದಿನ ಸೂತಕ ಕಳೆದು, ಮನೆ ತೊಳೆದು, ಜಿನ್ನವ್ವ ಒಲೆ ಹಚ್ಚಿದಳು. ಮಧ್ಯಾಹ್ನ ಪುಡಿ ತೂಗಿದರೆ ಒಂದೂವರೆ ಕಿಲೋ. ಆಕೆ ತಕ್ಕಡಿಯ ಮುಂದೆ ಹಾಗೇ ಕೂತಳು. ಮೇಲೆ ಕಿಟಕಿ, ಕಿಟಕಿಯ ಒಳಗೆ ಒಲೆ. ಉರಿಯುವುದೆಲ್ಲ ಆ ಹವಾ ಬಿಡುತ್ತದೆ ಎಂದು ಹುಡುಗಿಯೇ ಹೇಳಿದ್ದಳಲ್ಲ. ಯಂತ್ರ ಊರ ಗಾಳಿ ಹಿಡಿಯುತ್ತಿರಲಿಲ್ಲ. ತನ್ನ ಒಲೆಯ ಉಸಿರು ಹಿಡಿಯುತ್ತಿತ್ತು. ಮುದುಕಿಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಇಷ್ಟು ಲೆಕ್ಕ ತಿಳಿಯದವಳಲ್ಲ.

ಸಂಜೆ ಮಯೂರಿ ಬಂದೊಡನೆ ಹೇಳಿಬಿಡಬೇಕು ಎಂದುಕೊಂಡಳು. ಅವತ್ತು ಹುಡುಗಿ ಗೋಕಾಕದ ಕರದಂಟಿನ ಪೊಟ್ಟಣ ಹಿಡಿದೇ ಬಂದಳು.

"ಅಪ್ಪಾ! ಲಿಸ್ಟ ಹಚ್ಯಾರ! ಮೂರರಾಗ ನಂದ ಒಂದನೇದು!"

ನೇಮಣ್ಣ ಪೊಟ್ಟಣ ಬಿಚ್ಚಿ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. ಕಣ್ಣು ತುಂಬಿದ್ದು ಕರದಂಟಿನ ಸಿಹಿಗಲ್ಲ. "ಓದವ್ವಾ, ಎಷ್ಟ ಬೇಕ ಅಷ್ಟ ಓದು," ಎಂದ. ತ್ರಿಶಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಮಯೂರಿ ಅಜ್ಜಿಯ ಕೊರಳಿಗೆ ಜೋತುಬಿದ್ದು, "ನಿನ್ನ ಅರಿವಿ ಆಯಿ, ಎಲ್ಲಾ ನಿನ್ನ ಅರಿವಿದ ಪ್ರತಾಪ!" ಎಂದಳು. ಇಷ್ಟರ ಮೇಲೆ ಜಿನ್ನವ್ವ ಏನು ಹೇಳಿಯಾಳು?

ಒಂದು ವಾರ ಹಾಗೇ ಕಳೆಯಿತು. ಆಕೆಗೆ ಅನ್ನ ರುಚಿಸಲಿಲ್ಲ. ಹೇಳಿದರೆ ಹುಡುಗಿಯ ಓದು ಹೋಗುತ್ತದೆ, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ತಾನು ಮಾಡಬೇಕಾದ್ದು ಇಷ್ಟೇ, ದಿನಾ ಬೆಳಿಗ್ಗೆ ಧರ್ಮದ ಒಲೆ ಹಚ್ಚುವುದು. ಅದನ್ನು ಹೇಗೂ ಹಚ್ಚುತ್ತಲೇ ಇದ್ದಾಳೆ. ಯಾರ ಗಂಟೂ ಹೋಗುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಸಲ ಸೊಸೆಯೇ ಕೆದಕಿದಳು.

"ಅತ್ತಿ, ಆ ಹತ್ತ ದಿನಾ ಕರೆಂಟ ಇತ್ತಲ್ಲ. ನಾ ಮಿಕ್ಸರ್ ಹಚ್ಚೇನಿ."

"ನಿನಗ ಮಿಕ್ಸರ್ ಬಿಟ್ರ ಏನ ಗೊತ್ತೈತಿ? ಸುಮ್ಮ ರೊಟ್ಟಿ ಬಡಿ."

ಹೀಗೆ ಸೊಸೆಯ ಮೇಲೆ ಹರಿಹಾಯ್ದು, ಆಮೇಲೆ ಅದಕ್ಕೂ ಮನಸ್ಸು ಕೆಡಿಸಿಕೊಂಡಳು.

ಅಕ್ಟೋಬರಿನ ಕೊನೆಯ ಭಾನುವಾರ ಮಯೂರಿಯೂ ಮನೆಯಲ್ಲಿದ್ದಳು. ಹುಡುಗಿ ಅವತ್ತು ಯಾಕೋ ತಾನಾಗಿ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲು ಬಿಟ್ಟು ಬಾಗಿಲಿಗೆ ಬಂದಳು. ನೇಮಣ್ಣ ಬಿಳಿ ಧೋತರ ಉಟ್ಟು ನಿಂತ, ತ್ರಿಶಲಾ ತೆಂಗಿನಕಾಯಿ ಹಿಡಿದಳು, ಜಿನ್ನವ್ವನ ಕೈಯಲ್ಲಿ ಕಲಶ. ಒಂಬತ್ತೂಮುಕ್ಕಾಲಿಗೆ ಮುನಿಗಳು ಆಹಾರಕ್ಕೆ ಹೊರಟ ಗುರುತಾಗಿ ಬಲಗೈಯ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ತಲೆ ತಗ್ಗಿಸಿ, ಓಣಿಯಲ್ಲಿ ಬಂದರು. ಹಿಂದೆ ಹತ್ತು ಹದಿನೈದು ಜನ. ಪಾಯಪ್ಪನ ಮನೆ ದಾಟಿದರು. ಅದರ ಮುಂದಿನ ಎರಡು ಮನೆ ದಾಟಿದರು. ನೇಮಣ್ಣನ ಮನೆಯ ಮುಂದೆ ಬಂದು, ತಲೆ ಎತ್ತಿ, ನಾಲ್ವರನ್ನೂ ನೋಡಿ ನಿಂತರು.

ನಿಂತೇಬಿಟ್ಟರು.

"ಹೇ ಸ್ವಾಮಿ, ನಮೋಸ್ತು, ನಮೋಸ್ತು, ನಮೋಸ್ತು," ನೇಮಣ್ಣ ಕೈ ಮುಗಿದು ಕೂಗಿದ. ನಾಲ್ವರೂ ಮೂರು ಸುತ್ತು ಪ್ರದಕ್ಷಿಣೆ ಬಂದರು. ಇನ್ನು ಮನೆಯ ಹಿರಿಯರು ಎದುರಿಗೆ ನಿಂತು ಹೇಳಬೇಕು, ನನ್ನ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಅನ್ನ ನೀರು ಶುದ್ಧ, ಒಳಗೆ ಬನ್ನಿ ಎಂದು. ಇಷ್ಟು ಹೇಳಿದರೇ ಮುನಿಗಳು ಹೊಸ್ತಿಲು ದಾಟುವುದು. ಜಿನ್ನವ್ವ ಇದನ್ನು ಐವತ್ಮೂರು ವರ್ಷ ಮನಸ್ಸಿನಲ್ಲೇ ಹೇಳಿಕೊಂಡವಳು.

"ಮನಶುದ್ಧಿ..." ಎಂದಳು. "ವಚನ..."

ಅಲ್ಲಿಗೆ ನಿಂತಿತು. ಓಣಿಯ ಜನ ಕಾದರು. ಮುನಿಗಳು ನೆಲ ನೋಡುತ್ತ ನಿಂತೇ ಇದ್ದರು.

"ಅವ್ವಾ, ವಚನಶುದ್ಧಿ," ನೇಮಣ್ಣ ಪಿಸುಗುಟ್ಟಿದ. ಮರೆತಿರಬೇಕು ಎಂದುಕೊಂಡ.

ತ್ರಿಶಲಾ ತಾನೇ ಹೇಳಲು ಬಾಯಿ ತೆರೆದಳು. ಜಿನ್ನವ್ವ ಸೊಸೆಯ ಮುಂಗೈ ಹಿಡಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಸ್ವಾಮಿ, ನನ್ನ ವಚನ ಶುದ್ಧ ಇಲ್ಲ."

ಆಹಾರದ ಹೊತ್ತಿಗೆ ಮುನಿಗಳು ಮಾತನಾಡುವುದಿಲ್ಲ. ಒಂದು ಗಳಿಗೆ ಮುದುಕಿಯ ಮುಖ ನೋಡಿದರು. ಆಮೇಲೆ ತಿರುಗಿ ಬಂದ ದಾರಿಯಲ್ಲೇ ನಡೆದರು. ಅಷ್ಟರಲ್ಲಿ ಅಲ್ಲಿಯೂ ಗುರುತು ಕೂಡಿಬಂದಿತ್ತೇನೋ, ಪಾಯಪ್ಪನ ಬಾಗಿಲಿಂದ ನಮೋಸ್ತು ನಮೋಸ್ತು ಎಂಬ ಕೂಗು ಕೇಳಿತು, ಮುನಿಗಳು ಒಳಗೆ ಹೋದರೆಂದು ಗೊತ್ತಾಯಿತು.

ಬಾಗಿಲು ಹಾಕಿಕೊಂಡ ಮೇಲೆ ಮೊದಲು ಬಾಯಿ ಬಿಟ್ಟವಳು ತ್ರಿಶಲಾ. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರಾಡಿದವಳಲ್ಲ.

"ಮೂರ ತಿಂಗಳ ನಾ ಹಸದ ಹೊಟ್ಟೀಲೆ ಅಡಿಗಿ ಮಾಡೇನಿ ಅತ್ತಿ. ಸೂತಕ ಬಿಟ್ರ ಒಂದ ದಿನಾನೂ ಬಿಡದ. ಬಾಗಲಿಗೆ ಬಂದ ಸ್ವಾಮಿಗಳನ್ನ ಕಳಸಿದ್ರೆಲ್ಲ! ಒಂದ ಶಬ್ದ ಅನ್ನೂದ ಆಗಲಿಲ್ಲೇನ ನಿಮಗ?"

"ಆಗಲಿಲ್ಲ," ಎಂದಳು ಜಿನ್ನವ್ವ. ಕಲಶ ಕೆಳಗಿಟ್ಟು ಅಲ್ಲೇ ಗೋಡೆಗೆ ಒರಗಿ ಕೂತಳು. ಮೊಮ್ಮಗಳನ್ನು ಹತ್ತಿರ ಕರೆದು ಎಲ್ಲ ಹೇಳಿದಳು. ಸೂತಕದ ಹತ್ತು ದಿನದ ಅರ್ಧ ಕಿಲೋ, ತೆಂಗಿನ ಬುಡ, ಒಲೆ, ಕಿಟಕಿ, ಒಂದನ್ನೂ ಬಿಡಲಿಲ್ಲ.

ಮಯೂರಿಯ ಮುಖ ಬಿಳಿಚಿತು.

"ಕರೆಂಟ ಇರಲಿಲ್ಲ ಅಂದಿ! ನಾ ರಿಪೋರ್ಟಿನ್ಯಾಗ ಹಂಗ ಬರದ ಕೊಟ್ಟೇನಿ, ಹತ್ತ ದಿನಾ ಕರೆಂಟ ಇರಲಿಲ್ಲ ಅಂತ. ಲಿಸ್ಟ ಹಚ್ಚೂಕಿಂತ ಮೊದಲ ಹೇಳಿದ್ರ ಏನಾಗತಿತ್ತ ಆಯಿ?"

"ಮೊದಲ ನನಗೂ ತಿಳೀಲಿಲ್ಲ. ನಾನ ಏನೋ ಕೆಡಿಸೇನಿ ಅಂದ್ಕೊಂಡೆ. ತಿಳಿದ ದಿನಾನ ನೀ ಕರದಂಟ ತಂದಿ."

"ಒಲಿ ಹವಾ ಕಿಟಕ್ಯಾಗಿಂದ ಮ್ಯಾಲ ಹೋಗತೈತಿ ಅಂದ್ಕೊಂಡಿದ್ದೆ. ಹೊಗಿನ ಕಾಣಲಿಲ್ಲಲ್ಲ!" ಹುಡುಗಿ ಹಣೆ ಹೊಡೆದುಕೊಂಡಳು. "ನಾ ಎಂಥಾ ಎಂಜಿನಿಯರ!"

"ಯಾರಿಗಿ ಗೊತ್ತಾಗತೈತಿ?" ನೇಮಣ್ಣ ಮೆಲ್ಲಗೆ ಕೇಳಿದ. "ಸರ್ ತಾವ ತೂಕ ಮಾಡ್ಯಾರ. ಒಂದೂವರಿ ಕಿಲೋ ಸುಳ್ಳಲ್ಲಲ್ಲ. ಪುಡಿ ಬಂದದ್ದ ಖರೆನ ಐತಿ."

ನೇಮಣ್ಣ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ. ಆಮೇಲೆ ಧೋತರ ಬಿಚ್ಚಿ ಲುಂಗಿ ಉಟ್ಟುಕೊಂಡು, ರೊಟ್ಟಿಯನ್ನೂ ಕೇಳದೆ ಹೊಲಕ್ಕೆ ಹೋದ. ಅವತ್ತು ಆ ಮನೆಯ ಶುದ್ಧದ ಅಡಿಗೆ ಸಂಜೆಯವರೆಗೆ ಹಾಗೇ ಇತ್ತು.

ಮಯೂರಿ ಎರಡು ದಿನ ಅಜ್ಜಿಯ ಹತ್ತಿರ ಮಾತನಾಡಲಿಲ್ಲ. ಮೂರನೆಯ ದಿನ ಕಾಲೇಜಿಗೆ ಹೋಗಿ ಶ್ರೀಶೈಲ ಸರ್‌ಗೆ ಹೇಳಿದಳು. ಅವರು ರಿಪೋರ್ಟನ್ನು ಮತ್ತೆ ತೆಗೆದು ನೋಡಿದರಂತೆ. "ನಾನೂ ಆ ಕಿಟಕಿ ನೋಡೇನಿ ಮಯೂರಿ, ನನಗೂ ಹೊಳೀಲಿಲ್ಲ," ಎಂದರಂತೆ. ಅರ್ಧ ಕಿಲೋದ ಯಂತ್ರ ಮೊದಲ ಮೂರರಲ್ಲಿ ಬರುವುದಿಲ್ಲ, ಅವಳ ಜಾಗಕ್ಕೆ ಅರಿಶಿಣ ಕುದಿಸುವ ಯಂತ್ರದ ಹುಡುಗರು ಹೋದರು. ಮನೆಗೆ ಬಂದು ಇಷ್ಟನ್ನೂ ಅವಳು ಅಳದೆ ಹೇಳಿದಳು. ಬಟ್ಟೆ ಬದಲಿಸಲು ಒಳಗೆ ಹೋದವಳು ಅರ್ಧ ತಾಸು ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನೇಮಣ್ಣ ಕೇದಾರಿಯನ್ನು ಕರೆದು, ಇಬ್ಬರೂ ಸೇರಿ ಯಂತ್ರವನ್ನು ಹಿತ್ತಲಿನಿಂದ ಮಾಳಿಗೆಯ ಮೇಲಕ್ಕೆ, ಒಲೆಯಿಂದ ದೂರದ ತುದಿಗೆ ಏರಿಸಿದರು. ನೇಮಣ್ಣ ವಾಯರು ಎಳೆದ, ನೀರಿಗೆ ಒಂದು ಪೈಪು ಬಿಟ್ಟ. ಬೆವರು ಒರೆಸಿಕೊಳ್ಳುತ್ತ ಮಗಳನ್ನು ಕೇಳಿದ:

"ಇನ್ನ ಎಷ್ಟ ದಿನಾ ತೂಕ ಮಾಡಬೇಕು ಇದನ್ನ?"

"ಮೇ ತನಕಾ ಅಪ್ಪಾ. ಪಾಸ್ ಆಗಾಕ ಬೇಕ ಬೇಕು."

"ಮಾಡು. ಓದೂ ಮಾತ ಮೇ ಆದಮ್ಯಾಲ ಆಡೂಣು."

ಕೇಳಬೇಡ ಎಂದಿದ್ದ ಮನುಷ್ಯ ಆಡೋಣ ಎಂದಿದ್ದ. ಮಯೂರಿ ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ದೀಪಾವಳಿಯ ಅಮಾವಾಸ್ಯೆಗೆ ಚಾತುರ್ಮಾಸ ಮುಗಿದಿತ್ತು. ಮುನಿಗಳು ಮತ್ತೆ ಕೆಲವು ದಿನ ಉಳಿದು ಹುಕ್ಕೇರಿಯ ದಾರಿ ಹಿಡಿಯುವವರಿದ್ದರು. ಆ ದಿನಗಳಲ್ಲೂ ಜಿನ್ನವ್ವ ನಸುಕಿನಲ್ಲಿ ಒಲೆ ಹಚ್ಚಿದಳು, ಕಲಶ ಹಿಡಿದು ಬಾಗಿಲಲ್ಲಿ ನಿಂತಳು. ತ್ರಿಶಲಾ ಸಿಟ್ಟು ಬಿಟ್ಟಿರಲಿಲ್ಲ, ಆದರೆ ತೆಂಗಿನಕಾಯಿ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಕೊನೆಯ ದಿನ ಮುನಿಗಳು ಇವರ ಬಾಗಿಲು ದಾಟಿ ಹೋದರು, ನಿಲ್ಲಲಿಲ್ಲ. ಜಿನ್ನವ್ವನಿಗೆ ಸಂಕಟವಾಯಿತು. ಎಪ್ಪತ್ತೊಂದರ ವಯಸ್ಸಿಗೆ ಇನ್ನೊಂದು ಚಾತುರ್ಮಾಸ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ. ಅಳಲಿಲ್ಲ. "ಎಲ್ಲಾರಿಗೂ ಬಡಸು ತ್ರಿಶಲಾ, ಹಸದಾರ," ಎಂದು ಒಳಗೆ ನಡೆದಳು.

ಮಧ್ಯಾಹ್ನ ಮೆಟ್ಟಿಲಿನ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಮಾಳಿಗೆ ಏರಿದಳು. ಮಯೂರಿ ಬಿಳಿ ಪುಡಿಯನ್ನು ತಟ್ಟೆಗೆ ಸುರಿದು, ಅಜ್ಜಿ ಬಂದದ್ದು ಕಂಡು, ತಕ್ಕಡಿಯನ್ನು ಆಕೆಯ ಕೈಗೆ ಕೊಟ್ಟಳು. ಜಿನ್ನವ್ವ ಒಂದು ತಟ್ಟೆಯಲ್ಲಿ ಅರ್ಧ ಕಿಲೋ ತೂಕದ ಕಲ್ಲಿಟ್ಟು ತಕ್ಕಡಿ ಎತ್ತಿದಳು. ಮಾಳಿಗೆಯ ಗಾಳಿಗೆ ತಟ್ಟೆಗಳು ತೂಗಾಡಿದವು. ಮಯೂರಿ ಒಂದು ಕ್ಷಣ ನೋಡಿ ಪುಸ್ತಕ ತೆರೆದಳು.

"ಅರ್ಧ ಕಿಲೋ. ಬರೀಲಿ?"

"ತಡಿ," ಎಂದಳು ಜಿನ್ನವ್ವ. ಸೆರಗು ಅಡ್ಡ ಹಿಡಿದು ಗಾಳಿ ತಡೆದಳು. ತಟ್ಟೆಗಳು ನಿಂತವು. ಮುಳ್ಳು ಒಂದು ಕೂದಲೆಳೆಯಷ್ಟು ಕಲ್ಲಿನ ಕಡೆ ವಾಲಿತ್ತು. "ಚೂರ ಕಮ್ಮಿ ಐತಿ. ಕಮ್ಮಿ ಅಂತನ ಬರಿ."